ಕ್ಯಾನ್ವಾಸ್ ಶೂಗೆ ಹಸಿರು ಚೀಟಿ: ಮೇಲೆ ನೋಡಿ ಮರುಳಾಗಬೇಡಿ, ಅಡಿ ನೋಡಿ!

ಜೂನ್ ತಿಂಗಳು ಬಂತೆಂದರೆ ದಕ್ಷಿಣ ಕನ್ನಡ ಜಿಲ್ಲೆಯ ಪೇಟೆಗಳಲ್ಲಿ ಎರಡು ಅಂಗಡಿಗಳಿಗೆ ಪುರುಸೊತ್ತಿಲ್ಲ. ಒಂದು ಕೊಡೆ ಅಂಗಡಿ, ಇನ್ನೊಂದು ಚಪ್ಪಲಿ ಅಂಗಡಿ. ಮಂಗಳೂರಿನ ಹಂಪನಕಟ್ಟೆಯಿಂದ ಹಿಡಿದು ಪುತ್ತೂರು, ಸುಳ್ಯದವರೆಗೂ ಇದೇ ಕಥೆ. ಮಗುವಿನ ಕಾಲು ವರ್ಷದಲ್ಲಿ ಒಂದೆರಡು ನಂಬರು ಬೆಳೆದಿರುತ್ತದೆ. ಹಳೇ ಬೂಟು ಬಾಯಿ ತೆರೆದಿರುತ್ತದೆ. ತಂದೆಯ ಕೈ ಜೇಬಿನ ಮೇಲಿರುತ್ತದೆ.

ಇಷ್ಟು ವರ್ಷ ಅಲ್ಲಿ ನಡೆಯುತ್ತಿದ್ದುದು ಮೂರೇ ಮಾತು. ನಂಬರು ಎಷ್ಟು? ಬಣ್ಣ ಯಾವುದು? ರೇಟು ಎಷ್ಟು? ಈಗ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ಬೂಟಿನ ಲೇಸಿಗೆ ಕಟ್ಟಿದ ಹಸಿರು ಚೀಟಿ. "ಪರಿಸರ ಸ್ನೇಹಿ", "ರಿಸೈಕಲ್ಡ್", "ವೀಗನ್ ಲೆದರ್", "ಪ್ರೀಮಿಯಂ" ಎಂದೆಲ್ಲ ಅದರ ಮೇಲೆ ಅಚ್ಚಾಗಿರುತ್ತದೆ. ಹಿರಿಯರು ಕ್ಯಾನ್ವಾಸ್ ಶೂ ಎಂದು ಕರೆದ, ಶಾಲೆಯ ಮಾಸ್ಟ್ರು ಪಿ.ಟಿ. ಶೂ ಎಂದ, ಈಗಿನ ಕಾಲೇಜು ಹುಡುಗರು ಸ್ನೀಕರ್ ಎನ್ನುವ ಅದೇ ಹಳೇ ಬೂಟು. ಚೀಟಿ ಕಟ್ಟಿದ ಕೂಡಲೇ ಬೆಲೆ ಮಾತ್ರ ನಾಲ್ಕಂಕಿಗೆ ಹಾರಿದೆ. ಕೆಲವಂತೂ ಐದಂಕಿ.

"ಇದರಲ್ಲಿ ಎಂತ ಉಂಟು ಮಾರಾಯ್ರೆ, ಇಷ್ಟು ರೇಟಿಗೆ?" ಎಂದು ಗಿರಾಕಿ ಕೇಳಿದರೆ ಅಂಗಡಿಯವರು ಚೀಟಿಯನ್ನೇ ಓದಿ ಹೇಳಬೇಕಾದ ಪರಿಸ್ಥಿತಿ. ಕಂಪನಿಯ ಸೇಲ್ಸ್‌ಮನ್ ಹೇಳಿದ್ದು ಅಷ್ಟೇ. ಹಾಗಾದರೆ ಈ ಹಸಿರು ಬೂಟಿನಲ್ಲಿ ಸರಕು ಎಷ್ಟು, ಸದ್ದು ಎಷ್ಟು?

ಹಳೇ ಬೂಟಿನ ಜಾತಕ

ಕ್ಯಾನ್ವಾಸ್ ಶೂ ಹುಟ್ಟಿದ್ದೇ ಬಡ ಸಾಮಾನಿನಿಂದ. ಮೇಲೆ ಹತ್ತಿ ಬಟ್ಟೆ, ಕೆಳಗೆ ರಬ್ಬರು, ಮಧ್ಯೆ ಒಂದಿಷ್ಟು ಸೊಲ್ಯೂಷನ್. ಮರದಿಂದ ಬಂದ ಬರೀ ರಬ್ಬರು ಬಿಸಿಲಿಗೆ ಅಂಟು, ಚಳಿಗೆ ಕಲ್ಲು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿಯೂ ಪುಟಿಯುವಂತೆಯೂ ಇರುತ್ತದೆಂದು ಕಂಡುಕೊಂಡ. ಇದಕ್ಕೇ ವಲ್ಕನೈಸಿಂಗ್ ಎನ್ನುವುದು. ಟಯರು ಪಂಚರ್ ಅಂಗಡಿಯ ಬೋರ್ಡಿನಲ್ಲಿ ಎಲ್ಲರೂ ಓದಿದ ಶಬ್ದ. ಬೂಟಿಗೂ ಅದೇ ವಿದ್ಯೆ. ಅಚ್ಚಿನ ಮೇಲೆ ಬಟ್ಟೆ ಎಳೆದು, ಅಡಿಗೆ ರಬ್ಬರು ಅಟ್ಟೆ ಕೂರಿಸಿ, ಸುತ್ತ ರಬ್ಬರಿನ ಪಟ್ಟಿ ಸುತ್ತಿ, ದೊಡ್ಡ ಪ್ರೆಶರ್ ಕುಕ್ಕರಿನಂಥ ಪಾತ್ರೆಯೊಳಗೆ ಬೇಯಿಸಿದರೆ ಬಟ್ಟೆಯೂ ರಬ್ಬರೂ ಒಂದಾಗಿ ಬಿಡುತ್ತವೆ.

ಅಮೆರಿಕದಲ್ಲಿ 1916ರಲ್ಲಿ ಕೆಡ್ಸ್ ಬಂತು. 1917ರಲ್ಲಿ ಕಾನ್‌ವರ್ಸ್ ಕಂಪನಿಯ ಆಲ್ ಸ್ಟಾರ್ ಬಂತು. ಇದು ಬ್ಯಾಸ್ಕೆಟ್‌ಬಾಲ್ ಆಡಲು ಮಾಡಿದ ಬೂಟು. ಚಕ್ ಟೇಲರ್ ಎಂಬ ಆಟಗಾರ ಊರೂರು ತಿರುಗಿ ಮಾರಿದ್ದಕ್ಕೆ ಕಂಪನಿ ಅವನ ಹೆಸರನ್ನೇ ಬೂಟಿನ ಕಣಕಾಲಿಗೆ ಅಂಟಿಸಿತು. ಮಾರಿದವನ ಹೆಸರು ಮಾಲಿಗೆ ಬಂದದ್ದು ವ್ಯಾಪಾರದಲ್ಲಿ ಅಪರೂಪವೇ ಸರಿ.

ಭಾರತದ ಕಥೆ ಬಾಟಾದ್ದು. ಬಾಟಾ ನಮ್ಮ ದೇಶದ್ದೇ ಎಂದು ತಿಳಿದವರು ಇವತ್ತಿಗೂ ಇದ್ದಾರೆ. ಕಂಪನಿ ಹುಟ್ಟಿದ್ದು ಈಗಿನ ಚೆಕ್ ದೇಶದ ಜ್ಲೀನ್ ಎಂಬ ಊರಿನಲ್ಲಿ, 1894ರಲ್ಲಿ. ಭಾರತಕ್ಕೆ ಬಂದದ್ದು 1931ರಲ್ಲಿ. ಆಮೇಲೆ ಕಲ್ಕತ್ತಾದ ಹತ್ತಿರ ಹೂಗ್ಲಿ ದಂಡೆಯಲ್ಲಿ ಬಾಟಾನಗರವೆಂಬ ಊರೇ ಎದ್ದಿತು. ಅಲ್ಲಿಂದ 1936ರಲ್ಲಿ ಹೊರಬಂದದ್ದು ಬಾಟಾ ಟೆನಿಸ್. ಹೆಸರು ಟೆನಿಸ್, ಹಾಕಿದ್ದು ಮಾತ್ರ ಶಾಲೆಯ ಮಕ್ಕಳು, ಡ್ರಿಲ್ ಪೀರಿಯಡ್ಡಿಗೆ. ಆಗಸ್ಟ್ 15ರ ಹಿಂದಿನ ರಾತ್ರಿ ಸೀಮೆಸುಣ್ಣ ತಿಕ್ಕಿ ಬೂಟು ಬಿಳಿ ಮಾಡಿದವರು ಈ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟು. ರೂಪಾಯಿಗೆ ಐದು ಪೈಸೆ ಕಡಿಮೆ ಇಟ್ಟ ಬೆಲೆಗೆ "ಬಾಟಾ ರೇಟು" ಎಂಬ ಹೆಸರು ಬಂದದ್ದೂ ಆ ಕಾಲದಲ್ಲೇ.

ಅಂದರೆ ಗಮನಿಸಬೇಕಾದ್ದು ಇಷ್ಟು. ಹತ್ತಿ, ರಬ್ಬರು, ದಾರ. ಇವತ್ತಿನ ಹಸಿರು ಚೀಟಿಯವರು ಯಾವುದನ್ನು ಹುಡುಕಿಕೊಂಡು ಹೋಗಿದ್ದಾರೋ ಅದು ಅಜ್ಜನ ಕಾಲದ ಬೂಟಿನಲ್ಲಿ ಆಗಲೇ ಇತ್ತು. ನಡುವೆ ಎಲ್ಲಿ ಕಳೆದು ಹೋಯಿತು?

ಅಗ್ಗ ಮಾಡಲು ಹೋಗಿ...

ಕಳೆದದ್ದು ರೇಟಿನ ಪೈಪೋಟಿಯಲ್ಲಿ. ಬಟ್ಟೆ ತೆಳ್ಳಗಾಯಿತು. ಹತ್ತಿಯ ಜಾಗಕ್ಕೆ ಪಾಲಿಯೆಸ್ಟರ್ ಬಂತು. ರಬ್ಬರಿನ ಜಾಗಕ್ಕೆ ಪಿ.ವಿ.ಸಿ. ಬಂತು. ಕರಗಿಸಿದ ಪಿ.ವಿ.ಸಿ.ಯನ್ನು ಮೆಷಿನ್ನಿನಲ್ಲಿ ನೇರ ಬಟ್ಟೆಗೇ ಹೊಯ್ದರೆ ನಿಮಿಷಗಳಲ್ಲಿ ಒಂದು ಜೊತೆ ರೆಡಿ. ರೇಟು ಇಳಿಯಿತು, ಒಳ್ಳೆಯದೇ. ಆದರೆ ಮಳೆಯಲ್ಲಿ ಒದ್ದೆಯಾದ ಮೊಸಾಯಿಕ್ ನೆಲದ ಮೇಲೆ ಪಿ.ವಿ.ಸಿ. ಅಟ್ಟೆ ಜಾರುವಷ್ಟು ರಬ್ಬರು ಜಾರುವುದಿಲ್ಲ. ಬಸ್ಸಿನ ಫುಟ್‌ಬೋರ್ಡಿನಲ್ಲಿ ಕಾಲಿಟ್ಟವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಇದೇ ಕಥೆ ಅಮೆರಿಕದಲ್ಲೂ ನಡೆಯಿತು. ಕಾನ್‌ವರ್ಸ್ 2001ರಲ್ಲಿ ದಿವಾಳಿಯಾಯಿತು. 2003ರಲ್ಲಿ ನೈಕಿ ಕಂಪನಿ ಅದನ್ನು ಕೊಂಡಿತು. ಹತ್ತು ವರ್ಷದ ಬಳಿಕ, 2013ರಲ್ಲಿ, "ಚಕ್ 70" ಎಂಬ ಹೆಸರಿನಲ್ಲಿ ಬೂಟೊಂದು ಬಂತು. ಹೊಸದೇನೂ ಅಲ್ಲ. 1970ರ ದಶಕದಲ್ಲಿ ಅದೇ ಕಂಪನಿ ಮಾಡುತ್ತಿದ್ದ ಬೂಟಿನ ನಕಲು. ದಪ್ಪ ಕ್ಯಾನ್ವಾಸು, ಎತ್ತರದ ರಬ್ಬರು ಪಟ್ಟಿ, ಗಟ್ಟಿ ಹೊಲಿಗೆ, ಒಳಗೆ ಸ್ವಲ್ಪ ಹೆಚ್ಚಿನ ಮೆತ್ತೆ. ಜನ ಹೆಚ್ಚು ಬೆಲೆ ಕೊಟ್ಟು ತೆಗೆದುಕೊಂಡರು.

ತಮಾಷೆ ನೋಡಿ. 2015ರಲ್ಲಿ ಅದೇ ಕಂಪನಿ "ಚಕ್ 2" ಎಂದು ಇನ್ನೊಂದು ಬಿಟ್ಟಿತು. ಇದು ನಿಜಕ್ಕೂ ಹೊಸದು. ಒಳಗೆ ಓಟದ ಬೂಟಿನಲ್ಲಿ ಹಾಕುವ ಹೊಸ ಮಾದರಿಯ ಸ್ಪಂಜು, ದೊಡ್ಡ ಪ್ರಚಾರ. ಜನ ಮುಟ್ಟಿ ನೋಡಿ ಅಲ್ಲೇ ಇಟ್ಟರು. ಕೆಲವೇ ವರ್ಷಗಳಲ್ಲಿ ಅದು ಅಂಗಡಿಯಿಂದ ಮಾಯವಾಯಿತು. ಹಳತನ್ನು ಸರಿಯಾಗಿ ಮಾಡಿದ್ದು ಗೆದ್ದಿತು, ಹಳತನ್ನು ಬದಲಿಸಿದ್ದು ಸೋತಿತು. "ಪ್ರೀಮಿಯಂ" ಎಂಬ ಶಬ್ದಕ್ಕೆ ಅರ್ಥ ಇರುವುದಾದರೆ ಇದೇ: ಕದ್ದ ಸಾಮಾನನ್ನು ವಾಪಸು ಹಾಕುವುದು.

ಬಾಟಲಿಯಿಂದ ಬೂಟು

ಪ್ರೀಮಿಯಂ ಕಥೆ ಮುಗಿಯುವ ಮೊದಲೇ ಹಸಿರು ಕಥೆ ಶುರುವಾಯಿತು. 2019ರಲ್ಲಿ ಕಾನ್‌ವರ್ಸ್ ಬಳಸಿ ಬಿಸಾಡಿದ ಪ್ಲಾಸ್ಟಿಕ್ ಬಾಟಲಿಯಿಂದ ನೂಲು ತೆಗೆದು ಕ್ಯಾನ್ವಾಸ್ ಮಾಡಿತು. ಬಾಟಲಿ ತೊಳೆದು, ಪುಡಿ ಮಾಡಿ, ಕರಗಿಸಿ, ಶ್ಯಾವಿಗೆ ಒತ್ತಿದ ಹಾಗೆ ಸಣ್ಣ ತೂತುಗಳಿಂದ ಹಿಂಡಿದರೆ ಪಾಲಿಯೆಸ್ಟರ್ ನೂಲು ಬರುತ್ತದೆ. ಹೊಸ ಪೆಟ್ರೋಲಿಯಂ ಬೇಡ, ಬಾಟಲಿ ಚರಂಡಿಗೂ ಹೋಗುವುದಿಲ್ಲ.

ಭಾರತದಲ್ಲೂ ಈ ಕೆಲಸ ನಡೆದಿದೆ. 2021ರಲ್ಲಿ ಹೊರಬಂದ "ಥೈಲಿ" ಎಂಬ ಬೂಟು ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಮಾಡಿದ್ದು. ಒಂದು ಜೊತೆಗೆ 10 ಚೀಲ, 12 ಬಾಟಲಿ ಎಂದು ಕಂಪನಿಯ ಲೆಕ್ಕ. ಚೀಲಕ್ಕೆ ಹಿಂದಿಯಲ್ಲಿ ಥೈಲಿ ಎನ್ನುವುದರಿಂದ ಬೂಟಿಗೂ ಅದೇ ಹೆಸರು. ಇದರಲ್ಲಿ ಒಂದು ಒಳ್ಳೆಯ ಗುಣ ಉಂಟು: ಎಂತದರಿಂದ ಮಾಡಿದ್ದು, ಎಷ್ಟು ಹಾಕಿದ್ದು ಎಂದು ಲೆಕ್ಕ ಹೇಳುತ್ತದೆ.

ಎಲ್ಲರೂ ಹಾಗೆ ಹೇಳುವುದಿಲ್ಲ. ಜರ್ಮನಿಯ ಅಡಿಡಾಸ್ ಕಂಪನಿಯ ಸ್ಟಾನ್ ಸ್ಮಿತ್ ಬೂಟು ಜಗತ್ಪ್ರಸಿದ್ಧ. ಅಮೆರಿಕದ ಟೆನಿಸ್ ಆಟಗಾರನ ಹೆಸರಿನ ಬಿಳಿ ಬೂಟು, ಹಿಮ್ಮಡಿಯ ಹತ್ತಿರ ಒಂದು ತುಂಡು ಹಸಿರು. 2021ರಲ್ಲಿ ಕಂಪನಿ ಇದರ ಚರ್ಮ ತೆಗೆದು, ಮರುಬಳಕೆಯ ಪ್ಲಾಸ್ಟಿಕ್ ಸೇರಿಸಿದ ಮೇಲ್ಭಾಗ ಹಾಕಿತು. "ಅರ್ಧ ಮರುಬಳಕೆ", "ಪ್ಲಾಸ್ಟಿಕ್ ಕಸಕ್ಕೆ ಕೊನೆ" ಎಂಬರ್ಥದ ಜಾಹೀರಾತು ಕೊಟ್ಟಿತು. ಅರ್ಧ ಎಂದರೆ ಯಾವುದರ ಅರ್ಧ? ಇಡೀ ಬೂಟಿನದೋ, ಮೇಲ್ಭಾಗದ್ದೋ? ಫ್ರಾನ್ಸಿನ ಜಾಹೀರಾತು ನೀತಿ ಮಂಡಳಿ ಅದೇ ವರ್ಷ, ಇದು ಗಿರಾಕಿಯ ದಾರಿ ತಪ್ಪಿಸುವಂಥದ್ದು ಎಂದು ತೀರ್ಪು ಕೊಟ್ಟಿತು. ಅಷ್ಟು ದೊಡ್ಡ ಕಂಪನಿಯ ಕಥೆಯೇ ಹೀಗಾದರೆ, ಊರು ಹೆಸರಿಲ್ಲದ ಚೀಟಿಯ ಕಥೆ ಹೇಗಿದ್ದೀತು?

ಇನ್ನೊಂದು ಮಾತು. ಬಾಟಲಿಯಿಂದ ಬೂಟಾದ ಪ್ಲಾಸ್ಟಿಕ್ ಮತ್ತೆ ಬಾಟಲಿ ಆಗುವುದಿಲ್ಲ. ಬಟ್ಟೆ, ಸ್ಪಂಜು, ರಬ್ಬರು, ಅಂಟು ಎಲ್ಲ ಒಂದಕ್ಕೊಂದು ಕಚ್ಚಿಕೊಂಡ ಬೂಟನ್ನು ಬಿಡಿಸಿ ಬೇರೆ ಮಾಡುವುದು ಸುಲಭದ ಮಾತಲ್ಲ. ಬೂಟು ಹರಿದ ದಿನ ಅದೂ ಕಸವೇ.

"ಹಾಗಾದರೆ ಹತ್ತಿಯೇ ಸೈ" ಎನ್ನುವವರೂ ಜಾಗ್ರತೆ. ರಾಸಾಯನಿಕ ಹಾಕದೆ ಬೆಳೆದ ಸಾವಯವ ಹತ್ತಿಯಲ್ಲಿ ಭಾರತ ಜಗತ್ತಿಗೇ ಮುಂದು. ಆದರೆ 2020ರಲ್ಲಿ ಸುಮಾರು 20,000 ಟನ್ ಭಾರತೀಯ ಹತ್ತಿ ನಕಲಿ ಸರ್ಟಿಫಿಕೇಟಿನ ಮೇಲೆ "ಸಾವಯವ" ಆಗಿದ್ದು ಅಂತಾರಾಷ್ಟ್ರೀಯ ಪ್ರಮಾಣಪತ್ರ ಸಂಸ್ಥೆಯ ತನಿಖೆಯಲ್ಲೇ ಬಯಲಾಯಿತು. ಹತ್ತಿ ಸುಳ್ಳು ಹೇಳಲಿಲ್ಲ, ಕಾಗದ ಹೇಳಿತು.

ಅಣಬೆ ಚರ್ಮವೂ ರೆಕ್ಸಿನ್ನಿನ ಹೊಸ ಹೆಸರೂ

2021ರಲ್ಲೇ ಅಡಿಡಾಸ್ ಇನ್ನೊಂದು ಬೂಟು ತೋರಿಸಿತು. ಅಣಬೆಯ ಬೇರಿನಂಥ ನಾರನ್ನು ಬೆಳೆಸಿ ಚರ್ಮದ ಹಾಗೆ ಮಾಡಿದ ಸ್ಟಾನ್ ಸ್ಮಿತ್. ಸಾಮಾನಿನ ಹೆಸರು ಮೈಲೋ. ಮಾಡುತ್ತಿದ್ದುದು ಕ್ಯಾಲಿಫೋರ್ನಿಯಾದ ಬೋಲ್ಟ್ ಥ್ರೆಡ್ಸ್ ಕಂಪನಿ. ಪತ್ರಿಕೆಗಳಲ್ಲಿ ದೊಡ್ಡ ಚಿತ್ರ ಬಂತು. 2023ರಲ್ಲಿ ಹಣ ಸಾಲದೆ ಮೈಲೋ ತಯಾರಿಕೆಯೇ ನಿಂತಿತು. ಆಸೆ ಸುಳ್ಳಲ್ಲ, ಆದರೆ ಪ್ರಯೋಗಶಾಲೆಯಿಂದ ಪೇಟೆಗೆ ಬರುವ ದಾರಿ ಶಿರಾಡಿ ಘಾಟಿಗಿಂತ ಕಠಿಣ.

ಹಾಗಾದರೆ ಇವತ್ತು ಅಂಗಡಿಯಲ್ಲಿ ನೇತಾಡುವ "ವೀಗನ್ ಲೆದರ್" ಎಂತದ್ದು? ಬಹುಪಾಲು ಅದು ಬಟ್ಟೆಯ ಮೇಲೆ ಪಿ.ಯು. ಎಂಬ ಪ್ಲಾಸ್ಟಿಕ್ ಪದರ ಬಳಿದದ್ದು. ಬಸ್ಸಿನ ಸೀಟಿನ ರೆಕ್ಸಿನ್ನಿನ ದಾಯಾದಿ. ಪ್ರಾಣಿಯ ಚರ್ಮ ಅಲ್ಲ ಎಂಬುದು ನಿಜ, ಚರ್ಮ ಬೇಡ ಎನ್ನುವವರಿಗೆ ಅದು ಮುಖ್ಯವೂ ಹೌದು. ಆದರೆ ಪ್ಲಾಸ್ಟಿಕ್ ಅಲ್ಲ ಎಂದರೆ ಸುಳ್ಳು.

ಕರಾವಳಿಯವರು ಇಲ್ಲಿ ಇನ್ನೊಂದು ತಿಳಿದಿರಬೇಕು. ಪಿ.ಯು.ಗೆ ತೇವದ ಹವೆ ಶತ್ರು. ಗಾಳಿಯ ನೀರಿನಂಶ ಅದರ ಕಟ್ಟನ್ನೇ ನಿಧಾನವಾಗಿ ಬಿಡಿಸುತ್ತದೆ. ಮೇಲ್ಪದರ ಹಾವಿನ ಪೊರೆಯಂತೆ ಏಳುತ್ತದೆ. ಪಿ.ಯು. ಅಟ್ಟೆಯಾದರೆ, ಹಾಕದೆ ಡಬ್ಬದಲ್ಲಿಟ್ಟ ಬೂಟೂ ಕೆಲವು ವರ್ಷದಲ್ಲಿ ರಸ್ಕಿನಂತೆ ಪುಡಿಯಾಗುತ್ತದೆ. ಮದುವೆಗೆಂದು ಜೋಪಾನ ಮಾಡಿಟ್ಟ ಬೂಟು ಮೆಟ್ಟಿಲು ಇಳಿಯುವಾಗ ಅಡಿ ಕಳಚಿದ ಕಥೆ ಕೇಳದವರಿಲ್ಲ. ಅಂಗಡಿಯವರು ಹಳೇ ಸ್ಟಾಕನ್ನು ಮೊದಲು ಮಾರುವುದು ಇದಕ್ಕೇ ಒಳ್ಳೆಯದು. ರಬ್ಬರಿಗೂ ವಯಸ್ಸಾಗುತ್ತದೆ, ಆದರೆ ಅದಕ್ಕೆ ಈ ರೋಗ ಇಲ್ಲ.

ಸುಳ್ಯದ ಹಾಲು, ಪ್ಯಾರಿಸ್ಸಿನ ಬೂಟು

ರಬ್ಬರಿನ ಮಾತು ಬಂದರೆ ಜಿಲ್ಲೆಗೆ ಕಿವಿ ನಿಮಿರಬೇಕು. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಗುಡ್ಡಗಳಲ್ಲಿ ಬೆಳಗ್ಗೆ ಟಾರ್ಚು ಕಟ್ಟಿಕೊಂಡು ಟ್ಯಾಪಿಂಗಿಗೆ ಹೋಗುವವರಿದ್ದಾರೆ. ಗೆರಟೆಗೆ ಇಳಿದ ಹಾಲಿಗೆ ಆಸಿಡ್ ಹಾಕಿ ಗಟ್ಟಿ ಮಾಡಿ, ಮೆಷಿನ್ನಿನಲ್ಲಿ ಒತ್ತಿ, ಹೊಗೆಗೂಡಿನಲ್ಲಿ ಒಣಗಿಸಿದರೆ ಶೀಟು. ಸುಳ್ಯದ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳೂ ಇವೆ. 1964ರ ಭಾರತ-ಸಿಲೋನ್ ಒಪ್ಪಂದದ ಬಳಿಕ ಬಂದ ತಮಿಳು ಕುಟುಂಬಗಳಿಗೆ ಅಲ್ಲಿ ಕೆಲಸ ಕೊಟ್ಟರು. ಜಗತ್ತಿನ ರಬ್ಬರಿನ ದೊಡ್ಡ ಪಾಲು ಟಯರಿಗೆ ಹೋಗುತ್ತದೆ. ಬೂಟಿನ ಪಾಲು ಸಣ್ಣದು, ಅದರಲ್ಲೂ ಪೆಟ್ರೋಲಿಯಂನಿಂದ ಮಾಡಿದ ಕೃತಕ ರಬ್ಬರಿನ ಪೈಪೋಟಿ.

ಪ್ಯಾರಿಸ್ಸಿನ ಇಬ್ಬರು ಗೆಳೆಯರು 2004ರಲ್ಲಿ ವೇಜಾ ಎಂಬ ಬೂಟಿನ ಕಂಪನಿ ಶುರು ಮಾಡಿದರು. ಅವರು ಹೋದದ್ದು ಸೀದಾ ಬೆಳೆಯುವವರ ಮನೆಗೆ. ಬ್ರೆಜಿಲ್‌ನ ಈಶಾನ್ಯದ ರೈತರಿಂದ ಸಾವಯವ ಹತ್ತಿ, ಅಮೆಜಾನ್ ಕಾಡಿನ ಆಕ್ರೆ ಎಂಬಲ್ಲಿ ಕಾಡು ಮರದಿಂದ ಹಾಲು ತೆಗೆಯುವವರಿಂದ ರಬ್ಬರು. ಪೇಟೆ ಧಾರಣೆಗಿಂತ ಹೆಚ್ಚು ಕೊಟ್ಟು ಕೊಂಡರು. ಕಾರಣ ಸರಳ. ಹಾಲಿಗೆ ಒಳ್ಳೆ ರೇಟು ಸಿಕ್ಕಿದರೆ ಮರ ಉಳಿಯುತ್ತದೆ, ಸಿಗದಿದ್ದರೆ ಮರ ಕಡಿದು ದನ ಮೇಯಿಸುತ್ತಾರೆ. ಜಾಹೀರಾತಿಗೆ ಹಾಕುವ ದುಡ್ಡನ್ನು ಸಾಮಾನಿಗೆ ಹಾಕಿದ್ದೇವೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಬೂಟಿನ ಬೆಲೆ ಬಡವರದ್ದಲ್ಲ. ಆದರೆ ಬೆಲೆಯ ಒಂದು ಪಾಲು ಎಲ್ಲಿಗೆ ಹೋಯಿತೆಂದು ಕೈ ತೋರಿಸಿ ಹೇಳಬಹುದು.

ಈ ಗಾಳಿ ಇತ್ತ ಕಡೆಗೂ ಬೀಸುತ್ತಿದೆ. ಕಾಡು ಕಡಿದು ಬೆಳೆದ ಮಾಲು ತಮ್ಮಲ್ಲಿಗೆ ಬೇಡ ಎಂದು ಯುರೋಪಿನ ದೇಶಗಳು 2023ರಲ್ಲಿ ಕಾನೂನು ಮಾಡಿದವು. ಜಾರಿಯ ದಿನ ಎರಡು ಬಾರಿ ಮುಂದೆ ಹೋಗಿದೆ. ಆ ಪಟ್ಟಿಯಲ್ಲಿ ರಬ್ಬರಿದೆ, ಟಯರಿದೆ, ಬೂಟಿನ ಹೆಸರಿಲ್ಲ. ಆದರೂ ರಬ್ಬರು ಯಾವ ತೋಟದ್ದು ಎಂದು ಕೇಳುವ ಅಭ್ಯಾಸ ಒಮ್ಮೆ ಶುರುವಾದರೆ ಬೂಟಿಗೆ ಬೇರೆ, ಟಯರಿಗೆ ಬೇರೆ ಎಂದಿರುವುದಿಲ್ಲ. ರಬ್ಬರ್ ಬೋರ್ಡು ತೋಟಗಳನ್ನು ನಕ್ಷೆಗೆ ಏರಿಸುವ ಕೆಲಸಕ್ಕೆ ಕೈ ಹಾಕಿದೆ. ಎರಡೆಕರೆ ತೋಟದವನೂ ಇದನ್ನು ಅಸಡ್ಡೆ ಮಾಡಬಾರದು. ನಾಳೆ ಹಸಿರು ಚೀಟಿಯ ಲಾಭದಲ್ಲಿ ಅವನಿಗೂ ಪಾಲು ಬೇಕಾದರೆ ಅವನ ಗುಡ್ಡ ಆ ನಕ್ಷೆಯಲ್ಲಿ ಇರಬೇಕು.

ಅಂಗಡಿಯಲ್ಲಿ ನಿಂತು ನೋಡುವುದು ಹೇಗೆ?

ಚೀಟಿ ಬದಿಗಿಡಿ. ಬೂಟನ್ನು ಕೈಯಲ್ಲಿ ಹಿಡಿಯಿರಿ.

ಮೊದಲು ಅಡಿ. ಅಟ್ಟೆಯನ್ನು ಮಡಚಿ ಬಿಡಿ. ರಬ್ಬರಾದರೆ ಬಾಗಿ ಕೂಡಲೇ ಹಿಂದಕ್ಕೆ ಬರುತ್ತದೆ, ಉಗುರಿಗೆ ಮೆತ್ತಗೆ ಸಿಗುತ್ತದೆ. ಗಟ್ಟಿ ಪಿ.ವಿ.ಸಿ. ಹೊಳೆಯುತ್ತದೆ, ಬಾಗಲು ಹಟ ಮಾಡುತ್ತದೆ.

ಎರಡನೆಯದು ಅಂಚು. ಬಟ್ಟೆ ಮತ್ತು ರಬ್ಬರು ಕೂಡುವಲ್ಲಿ ಬೆರಳಾಡಿಸಿ. ಸಂದು ಕಂಡರೆ ಮೊದಲ ಮಳೆಗೇ ಬಾಯಿ ಬಿಡುತ್ತದೆ. ಕಿರುಬೆರಳು ಮಡಚುವ ಜಾಗ ಮುಖ್ಯ, ಹೆಚ್ಚಿನ ಕ್ಯಾನ್ವಾಸ್ ಶೂ ಹರಿಯುವುದು ಅಲ್ಲೇ.

ಮೂರನೆಯದು ಬಟ್ಟೆ. ಬೆಳಕಿಗೆ ಹಿಡಿದಾಗ ಜರಡಿಯಂತೆ ಕಂಡರೆ ಬಿಡಿ. ಒಳಗೆ ಇನ್ನೊಂದು ಪದರ ಉಂಟೋ ನೋಡಿ. ಲೇಸಿನ ತೂತುಗಳಿಗೆ ಲೋಹದ ಬಳೆ ಗಟ್ಟಿಯಾಗಿ ಕೂತಿದೆಯೋ ನೋಡಿ.

ನಾಲ್ಕನೆಯದು ಒಳ ಅಟ್ಟೆ. ಎತ್ತಿ ತೆಗೆಯಲು ಬಂದರೆ ಒಳ್ಳೆಯದು. ಮಳೆಗಾಲದಲ್ಲಿ ಬೇರೆ ಒಣಗಿಸಬಹುದು, ಸವೆದರೆ ಅದೊಂದನ್ನೇ ಬದಲಿಸಬಹುದು.

ಇಷ್ಟಾದ ಮೇಲೆ ಚೀಟಿ ಓದಿ. "ಪರಿಸರ ಸ್ನೇಹಿ" ಎಂದಷ್ಟೇ ಇದ್ದರೆ ಅದು ಶಬ್ದ. ಯಾವ ಭಾಗ, ಯಾವ ಸಾಮಾನು, ನೂರಕ್ಕೆ ಎಷ್ಟು ಎಂದಿದ್ದರೆ ಅದು ಮಾಹಿತಿ.

ಕಾನೂನೂ ಉಂಟು, ತೆರಿಗೆಯೂ ಉಂಟು

ಇದು ಬರೀ ಬುದ್ಧಿಮಾತಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹಸಿರು ಸುಳ್ಳಿನ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. "ಹಸಿರು", "ಪರಿಸರ ಸ್ನೇಹಿ", "ನೈಸರ್ಗಿಕ", "ಸಾವಯವ" ಎಂಬಂಥ ಶಬ್ದ ಬಳಸುವವರು ಅದಕ್ಕೆ ವಿವರ ಕೊಡಬೇಕು, ಆಧಾರ ಇಟ್ಟುಕೊಂಡಿರಬೇಕು. ಚೀಟಿಯಲ್ಲಿ ಜಾಗವಿಲ್ಲದಿದ್ದರೆ ಕ್ಯೂ.ಆರ್. ಕೋಡ್ ಹಾಕಿ ತೋರಿಸಬಹುದು. ಮಾರ್ಗಸೂಚಿಯ ವ್ಯಾಪ್ತಿಯಲ್ಲಿ ಕಂಪನಿ ಮಾತ್ರವಲ್ಲ, ವ್ಯಾಪಾರಿಯೂ ಬರುತ್ತಾನೆ. ಸೇಲ್ಸ್‌ಮನ್ ಹೇಳಿದ ಮಾತನ್ನು ಅಂಗಡಿಯ ಹೊರಗೆ ಬ್ಯಾನರ್ ಕಟ್ಟುವ ಮೊದಲು "ಇದಕ್ಕೆ ಆಧಾರ ಬರವಣಿಗೆಯಲ್ಲಿ ಕೊಡಿ" ಎಂದು ಕೇಳುವುದು ಕ್ಷೇಮ. ಮೋಸ ಹೋದ ಗಿರಾಕಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ತೆರಿಗೆಯ ಲೆಕ್ಕ ಬೇರೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿ.ಎಸ್.ಟಿ. ಶೇಕಡಾ 5. ಅದರ ಮೇಲೆ ಶೇಕಡಾ 18. ಲೆಕ್ಕ ಹಾಕಿ ನೋಡಿ. 2,400 ರೂಪಾಯಿಯ ಬೂಟಿಗೆ ತೆರಿಗೆ 120, ಒಟ್ಟು 2,520. 2,600ರ ಬೂಟಿಗೆ ತೆರಿಗೆ 468, ಒಟ್ಟು 3,068. ಮಾಲಿನಲ್ಲಿ ವ್ಯತ್ಯಾಸ 200 ರೂಪಾಯಿ, ಗಿರಾಕಿಯ ಜೇಬಿನಲ್ಲಿ 548. ಸಾಮಾನು ಹತ್ತಿಯೋ ಪ್ಲಾಸ್ಟಿಕ್ಕೋ ಎಂದು ತೆರಿಗೆ ಕೇಳುವುದಿಲ್ಲ, ರೇಟು ಮಾತ್ರ ಕೇಳುತ್ತದೆ. ಒಳ್ಳೆಯ ಸಾಮಾನು ಹಾಕಿದವನು ಗೆರೆ ದಾಟುತ್ತಾನೆ, ಗೆರೆ ದಾಟಿದವನಿಗೆ ಪೆಟ್ಟು.

ಹೊಲಿಯುವವರೇ ನಿಜವಾದ ಹಸಿರು

2013ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಸಂಶೋಧಕರು ಒಂದು ಜೊತೆ ಸಾಮಾನ್ಯ ಓಟದ ಬೂಟಿನ ಲೆಕ್ಕ ತೆಗೆದರು. 65 ಬಿಡಿಭಾಗ, 360ಕ್ಕೂ ಹೆಚ್ಚು ಹಂತದ ಕೆಲಸ, ಒಟ್ಟು ಸುಮಾರು 14 ಕಿಲೋ ಇಂಗಾಲದ ಹೊಗೆ. ಅದರಲ್ಲಿ ಮೂರನೇ ಎರಡು ಪಾಲು ಹೊಗೆ ಸಾಮಾನಿನದ್ದಲ್ಲ, ಕಾರ್ಖಾನೆಯಲ್ಲಿ ತಯಾರಿಸುವುದರದ್ದು. ಕ್ಯಾನ್ವಾಸ್ ಶೂ ಇದಕ್ಕಿಂತ ಸರಳ. ಆದರೂ ಪಾಠ ಒಂದೇ. ಸಾಮಾನು ಬದಲಿಸಿದ್ದರಿಂದ ಆಗುವ ಉಪಕಾರ ಸ್ವಲ್ಪ. ಒಂದು ವರ್ಷ ಬರುವ ಬೂಟು ಎರಡು ವರ್ಷ ಬಂದರೆ, ಎರಡನೇ ಜೊತೆಯ ಹೊಗೆಯೇ ಇಲ್ಲ.

ವೇಜಾ ಕಂಪನಿಗೂ ಇದು ಹೊಳೆಯಿತು. 2020ರಲ್ಲಿ ಫ್ರಾನ್ಸಿನ ಬೋರ್ಡೋ ಪಟ್ಟಣದಲ್ಲಿ ತನ್ನ ಅಂಗಡಿಯೊಳಗೇ ಬೂಟು ಹೊಲಿಯುವವರನ್ನು ಕೂರಿಸಿತು. ಯಾವ ಕಂಪನಿಯ ಬೂಟೇ ಆಗಲಿ, ತನ್ನಿ, ಸರಿ ಮಾಡಿಕೊಡುತ್ತೇವೆ ಎಂದಿತು. ಫ್ರಾನ್ಸಿನವರಿಗೆ ಇದು ದೊಡ್ಡ ಸುದ್ದಿ. ಇಲ್ಲಿ? ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ, ಹರಕು ಕೊಡೆಯ ಕೆಳಗೆ, ಒಂದು ಕಬ್ಬಿಣದ ಅಚ್ಚು, ಎರಡು ಸೂಜಿ, ಮೇಣ ಹಚ್ಚಿದ ದಾರ ಇಟ್ಟುಕೊಂಡು ಕೂತವರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ ಇದು. ಯಾರೂ ಅವರಿಗೆ ಹಸಿರು ಚೀಟಿ ಕಟ್ಟಲಿಲ್ಲ.

ಅವರ ಕಷ್ಟ ಬೇರೆಯೇ. ರಬ್ಬರು ಅಟ್ಟೆಗೆ ಸೂಜಿ ಹೋಗುತ್ತದೆ, ಸುತ್ತ ಹೊಲಿದರೆ ಬೂಟು ಇನ್ನೊಂದು ಮಳೆಗಾಲ ತೆಗೆಯುತ್ತದೆ. ಸ್ಪಂಜಿನಂಥ ಅಟ್ಟೆಗೆ ದಾರ ಎಳೆದರೆ ಅದು ಬೆಣ್ಣೆಯಂತೆ ಕೊಯ್ದುಕೊಳ್ಳುತ್ತದೆ. ಪುಡಿಯಾದ ಪಿ.ಯು.ಗೆ ಅಂಟೂ ನಿಲ್ಲದು. "ಇದು ಆಗುದಿಲ್ಲ ಧಣಿ, ಹೊಸತು ತೆಕ್ಕೊಳ್ಳಿ" ಎಂದು ಬಂದ ಗಿರಾಕಿಯನ್ನು ಅವರೇ ವಾಪಸು ಕಳಿಸಬೇಕು. ಹೊಲಿಯಲು ಬಾರದ ಪ್ರತಿಯೊಂದು ಬೂಟೂ ಅವರ ಅನ್ನದ ಒಂದು ತುತ್ತು.

2020ರಲ್ಲಿ ಬಂದ ಬೀದಿ ವ್ಯಾಪಾರಿಗಳ ಸ್ವನಿಧಿ ಸಾಲದ ಯೋಜನೆಯಲ್ಲಿ ಚಪ್ಪಲಿ ರಿಪೇರಿಯವರೂ ಸೇರಿದ್ದಾರೆ. ಮೊದಲ ಕಂತು ಆಗ 10,000 ರೂಪಾಯಿ ಇತ್ತು, 2025ರಲ್ಲಿ 15,000ಕ್ಕೆ ಏರಿತು. ಸಾಲ ಸರಿ, ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಗೆ ತಲೆಯ ಮೇಲೊಂದು ಶೀಟಿನ ಮಾಡು ಇಲ್ಲದಿದ್ದರೆ ಕೂರುವುದೆಲ್ಲಿ? ಬೂಟು ಹರಿಯುವುದೂ ಮಳೆಗಾಲದಲ್ಲೇ, ಅವರು ಜಾಗ ಬಿಟ್ಟು ಏಳಬೇಕಾಗುವುದೂ ಮಳೆಗಾಲದಲ್ಲೇ. ನಗರಸಭೆ, ಪಟ್ಟಣ ಪಂಚಾಯತಿನವರು ಬಸ್‌ಸ್ಟ್ಯಾಂಡು ರಿಪೇರಿ ಮಾಡುವಾಗ ಆರಡಿ ಜಾಗ ಇವರಿಗೂ ತೆಗೆದಿಟ್ಟರೆ ಖರ್ಚು ದೊಡ್ಡದಲ್ಲ.

ಕೊನೆಗೆ ಶಾಲೆಯ ಮಕ್ಕಳ ಮಾತು. ಸರಕಾರಿ ಶಾಲೆಯ ಮಕ್ಕಳಿಗೆ ರಾಜ್ಯ ಸರಕಾರ ಬೂಟು, ಸಾಕ್ಸ್ ಕೊಡುತ್ತದೆ. 2022–23ರ ಸಾಲಿಗೆ 1ರಿಂದ 5ನೇ ತರಗತಿಯವರಿಗೆ ಇಟ್ಟದ್ದು ಜೊತೆಗೆ 265 ರೂಪಾಯಿ, 6ರಿಂದ 8ರವರಿಗೆ 295, 9 ಮತ್ತು 10ರವರಿಗೆ 325. ಅದರಲ್ಲೇ ಸಾಕ್ಸೂ ಬರಬೇಕು. ಕೊಳ್ಳುವ ಜವಾಬ್ದಾರಿ ಶಾಲಾಭಿವೃದ್ಧಿ ಸಮಿತಿಯದು. ಆ ದುಡ್ಡಿಗೆ ಅಮೆಜಾನ್ ರಬ್ಬರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಸಮಿತಿಯವರು ಅಂಗಡಿಗೆ ಹೋದಾಗ ಒಂದು ಜೊತೆಯನ್ನು ಮಡಚಿ ನೋಡಬಹುದು, ಅಂಚಿಗೆ ಬೆರಳು ಹಾಕಬಹುದು. ಬೇಕಾದರೆ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕೂತವರಿಗೇ ಒಂದು ಸ್ಯಾಂಪಲ್ ತೋರಿಸಿ "ಇದು ಹೊಲಿಯಲಿಕ್ಕೆ ಆಗ್ತದಾ?" ಎಂದು ಕೇಳಬಹುದು. ಆಗ್ತದೆ ಎಂದರೆ ಆರ್ಡರ್ ಕೊಡಿ. ಆ ಒಂದು ಪ್ರಶ್ನೆಗೆ ಜಿ.ಎಸ್.ಟಿ.ಯೂ ಇಲ್ಲ, ಚೀಟಿಯೂ ಬೇಡ. ಸಮಿತಿಗಳು ಈ ಸಲವಾದರೂ ಕೇಳಿ ನೋಡುವರೇ?